ಉಳಿಸಿದ ಸಾರು

ರಾತ್ರಿ ಎರಡಕ್ಕೆ ಹೊರಟು
ಊರಿನ ಹಿಮವನ್ನೆಲ್ಲ ಬದಿಗೆ ತಳ್ಳಿ
ಏಳಕ್ಕೆ ಬಂಡಿ ನಿಲ್ಲಿಸುತ್ತೇನೆ
ಇಗರಾಶಿಯ ಅಂಗಡಿ ಮುಂದೆ.
ಕಿತಕತದಲ್ಲಿ ನಾವು ರಾಮೆನ್ ತಿನ್ನುವುದು ಬೆಳಗ್ಗೆಯೇ.
ಟೋಕಿಯೋದವರು ನಗುತ್ತಾರೆ. ನಗಲಿ.
ಐದು ತಾಸು ಸ್ಟೀರಿಂಗ್ ಹಿಡಿದು ಮರಗಟ್ಟಿದ ಬೆರಳಿಗೆ
ಬಿಸಿ ಬಟ್ಟಲು ಸಿಕ್ಕರೆ ಹೇಗಿರುತ್ತದೆಂದು
ಅವರಿಗೇನು ಗೊತ್ತು.

ಬಾಗಿಲ ನೀಲಿ ಪರದೆ ಹಣೆಗೆ ತಾಕುತ್ತದೆ, ಒದ್ದೆ.
ಎಂಟೇ ಸ್ಟೂಲು. ಮೂರನೆಯದರ ಕಾಲು ಕುಂಟು,
ಹೊಸಬರಿಗೆ ಅದು.
ಕೊನೆಯದು ಫುಸಾಯೆ ಅಜ್ಜಿಯದು:
ಐವತ್ತು ವರ್ಷ ಅರಗಿನ ಬಟ್ಟಲಿಗೆ ಬಣ್ಣ ಹಚ್ಚಿದವಳು,
ಈಗಲೂ ಕುಡಿದು ಮುಗಿಸಿದ ಮೇಲೆ
ಮಗುಚಿ ಅಡಿ ನೋಡಿಯೇ ಕೆಳಗಿಡುತ್ತಾಳೆ,
ಪಿಂಗಾಣಿಯಾದರೂ.

ಮಾತಿಲ್ಲ. ಸೊರಸೊರ ಸದ್ದು.
ಚಪ್ಪಟೆ ಎಳೆ, ಗುಂಗುರು;
ಗಲ್ಲಕ್ಕೊಂದು ಏಟು ಕೊಟ್ಟೇ ಒಳಗೆ ಹೋಗುತ್ತದೆ.

ಊರಿಗೆಲ್ಲ ಗೊತ್ತಿರುವ, ಯಾರೂ ಆಡದ ಮಾತೊಂದಿದೆ:
ಎರಡು ವರ್ಷದ ಹಿಂದಿನ ಜ್ವರ ಹೋಗುವಾಗ
ಇಗರಾಶಿಯ ನಾಲಿಗೆ ಮೂಗು ಎರಡನ್ನೂ ಜೊತೆಗೊಯ್ದಿತು.
ಒಣಮೀನಿನ ಸಾರೂ ಸೋಪಿನ ನೀರೂ ಅವನಿಗೆ ಒಂದೇ.
ಆದರೂ ಮೂರಕ್ಕೆದ್ದು ಮೂಳೆ ಬೇಯಿಸುತ್ತಾನೆ,
ಕೈಯಳತೆ ನಂಬಿ.
ತೊಳೆಯುವ ಮುಂಚೆ ನೋಡುತ್ತಾನೆ
ಯಾರ ಬಟ್ಟಲಲ್ಲಿ ಎಷ್ಟು ಉಳಿದಿದೆ.
ತಳ ಕಂಡರೆ ಸರಿ.
ಎರಡು ಬೆರಳು ಉಳಿದರೆ
ನಾಳೆ ಸೋಯಾ ಸಾಸ್ ಒಂದು ಚಮಚ ಕಡಿಮೆ.
ಕ್ಯಾಲೆಂಡರಿನ ಹಿಂಬದಿಗೆ ಪೆನ್ಸಿಲ್ ಗೀಟು,
ನಾವು ನೋಡಿಲ್ಲವೆಂದುಕೊಂಡು.

ಅಕ್ಟೋಬರಿನಲ್ಲಿ ಡಾಕ್ಟರು
ನನ್ನ ತೋಳಿಗೆ ಪಟ್ಟಿ ಬಿಗಿದು ಹುಬ್ಬೇರಿಸಿದರು.
ನೂರೆಪ್ಪತ್ತೆಂಟು.
"ಎಳೆ ತಿನ್ನಿ, ಸಾರು ಬಿಡಿ."
ಬಿಟ್ಟೆ. ದಿನಾ ಅರ್ಧ ಬಟ್ಟಲು,
ಎಲೆ ಉದುರಿದ ನವೆಂಬರ್, ಹಿಮ ಬಿದ್ದ ಡಿಸೆಂಬರ್.
ಜನವರಿಗೆ ಎಳೆಗೆ ಅಂಟಿ ಬರುತ್ತಿದ್ದದ್ದು ಬರೀ ಬಿಸಿನೀರು.
ಚಳಿಗೆ ನನ್ನ ಬಾಯಿಯೇ ಕೆಟ್ಟಿರಬೇಕೆಂದುಕೊಂಡೆ.
ಅಂಚೆಯ ಹೊನ್ಮಾ ಮೆಣಸಿನಪುಡಿ ಸುರಿದುಕೊಂಡ.
ಶಾಲೆ ಬಸ್ಸಿನ ಮಿಯೋಕೊ ಕೋಟಿನ ಜೇಬಿನಲ್ಲಿ
ಉಪ್ಪಿನಕಾಯಿ ಕದ್ದು ತಂದಳು.
ಆದರೂ ಎಲ್ಲರೂ ಕುಡಿದರು, ಕಷಾಯ ಕುಡಿದಂತೆ,
ಅವನ ಮನಸ್ಸು ನೋಯಬಾರದೆಂದು.
ಏಳು ಬಟ್ಟಲು ಖಾಲಿ. ನನ್ನದೊಂದೇ ಅರ್ಧ.
ಅವನು ನಂಬಿದ್ದು ಅದನ್ನೇ.
ಏಳು ಜನ ಹೊಗಳಿದರೂ
ಹುಳ ಹಿಡಿಯುವುದು ಎಂಟನೆಯವನ ಮಾತಿಗೆ ತಾನೇ.

ಉಪ್ಪುಂಡ ಮನೆಗೆ ಎರಡು ಬಗೆಯಬಾರದು ಅನ್ನುತ್ತಾರೆ.
ನಾನು ಉಪ್ಪು ಬಿಟ್ಟೇ ಬಗೆದೆ.

ಒಂದು ಬೆಳಗ್ಗೆ ಫುಸಾಯೆ ಅಜ್ಜಿ ನನ್ನತ್ತ ಬಾಗಿ
ನಾನುಳಿಸಿದ್ದನ್ನು ಚಾಪ್‌ಸ್ಟಿಕ್ಕಿನಿಂದ ತೋರಿಸಿ
"ಅದರಲ್ಲಿ ನಿನ್ನ ಮುಖ ಕಾಣುತ್ತಿದೆ, ನೋಡಿಕೋ" ಎಂದಳು.
ಅಷ್ಟೇ. ಎದ್ದು ಹೋದಳು.

ಎಲ್ಲರೂ ಹೋಗುವವರೆಗೆ ಕಾದೆ.
ಹೇಳಿದೆ. ಡಾಕ್ಟರು, ಪಟ್ಟಿ, ಲೆಕ್ಕ.
ಇಗರಾಶಿ ನಲ್ಲಿ ನಿಲ್ಲಿಸಿದ.
"ಈಗೆಷ್ಟು?"
"ನೂರನಲವತ್ತು."
"ಹಾಗಾದರೆ ಒಬ್ಬನಿಗಾದರೂ ಉಪಕಾರವಾಯಿತು."
ಕ್ಯಾಲೆಂಡರ್ ತಿರುಗಿಸಿ, ಉಗುಳು ಹಚ್ಚಿದ ಹೆಬ್ಬೆರಳಿನಿಂದ
ಗೀಟುಗಳನ್ನು ಒಂದೊಂದಾಗಿ ಉಜ್ಜಿದ.
ಪೂರ್ತಿ ಹೋಗಲಿಲ್ಲ, ಬೂದಿ ಬಣ್ಣದ ಮೋಡವಾಯಿತು.
"ಶಿರೈ, ಇನ್ನು ಮೇಲೆ ನೀನು
ಊಟಕ್ಕುಂಟು, ಲೆಕ್ಕಕ್ಕಿಲ್ಲ."

ಮಾರನೆಯ ದಿನ ಮೂವತ್ತು ಸೆಂಟಿಮೀಟರ್ ಹಿಮ, ತಡವಾಯಿತು.
ಪರದೆ ಸರಿಸುವಾಗಲೇ ಕೇಳಿತು,
ಸೊರಸೊರ, ಹಿಂದಿನಂತೆ, ಜೋರಾಗಿ.
ಅಜ್ಜಿ ಬಟ್ಟಲು ಮಗುಚಿದ್ದಳು.
ಮಿಯೋಕೊಳ ಕೋಟು ಗೂಟದಲ್ಲಿತ್ತು.
ನನ್ನ ಮುಂದೆ ಇಗರಾಶಿ ತಂದಿಟ್ಟದ್ದು
ಅಂಗೈಯಗಲದ್ದು, ಮಕ್ಕಳ ಬಟ್ಟಲು,
ತಳದಲ್ಲಿ ಕೆಂಪು ರೈಲಿನ ಚಿತ್ರವಂತೆ.
ಐವತ್ತಾರು ವರ್ಷದ ನಾನು
ಎರಡೂ ಕೈಯಲ್ಲಿ ಎತ್ತಿ
ಗಾಲಿ ಕಾಣುವ ತನಕ ಕುಡಿದೆ.